ಬಾವುಟದ ಬಿಲ್ಲು

ಬೆಂಗಳೂರಿನಿಂದ ಬಂದ ಸುತ್ತೋಲೆಯಲ್ಲಿ ಐದೇ ಸಾಲು:
ಮೊಜಾಂಬಿಕ್ ದೇಶದ ನಿಯೋಗ, ಒಂಬತ್ತು ಜನ.
ಗೇರುಬೀಜದ ಒಡಂಬಡಿಕೆ. ಬೈತಖೋಲ ಬಂದರು ವೀಕ್ಷಣೆ.
ಸಾಂಸ್ಕೃತಿಕ ಕಾರ್ಯಕ್ರಮ, ಹನ್ನೆರಡು ನಿಮಿಷ ಮೀರದಂತೆ.
ಮೇಜಿನ ಮೇಲೆ ಎರಡೂ ಕಡೆಯ ಬಾವುಟ.

ನಮ್ಮದು ಕಪಾಟಿನಲ್ಲೇ ಇತ್ತು.
ಅವರದು ಕಾರವಾರದಲ್ಲಿ ಎಲ್ಲಿ ಸಿಗಬೇಕು?
ಮೊಬೈಲಿನಲ್ಲಿ ಚಿತ್ರ ಹಿಡಿದು
ಗುರುದಾಸ ಮಾಳ್ಸೇಕರರ ಹೊಲಿಗೆ ಅಂಗಡಿ ಹತ್ತಿದೆ.
ಕನ್ನಡಕ ಏರಿಸಿ, ಬೆರಳಲ್ಲಿ ಚಿತ್ರ ಹಿಗ್ಗಿಸಿ,
ಹಸಿರು, ಕಪ್ಪು, ಹಳದಿ, ಲೈನಿಂಗ್ ಬಟ್ಟೆ ಇದೆ, ಅಂದರು.
ಬಿಳಿ ಪಟ್ಟಿಗೆ ಯಾರದೋ ಲಂಗದ್ದು ಉಳಿದಿದೆ, ಅಂದರು.
ಕೆಂಪು ತ್ರಿಕೋನ, ಅದರಲ್ಲಿ ನಕ್ಷತ್ರ,
ನಕ್ಷತ್ರದ ಮೇಲೆ ತೆರೆದ ಪುಸ್ತಕ, ಪುಸ್ತಕದ ಮೇಲೆ ಗುದ್ದಲಿ.
"ಗುದ್ದಲಿಗೆ ಅಡ್ಡ ಇದೆಂತದು ಬಾಯ್?"
ಕೋವಿ, ಅಂದೆ.
ಸ್ವಲ್ಪ ಹೊತ್ತು ಮಷಿನ್ನಿನ ಚಕ್ರ ಸುಮ್ಮನೆ ತಿರುಗಿಸಿದರು.

ಮರುದಿನ ಬಾವುಟ ಸಿದ್ಧ. ಕೋವಿ ಇಲ್ಲ.
"ಹೊಲಿಯಲಿಕ್ಕೆ ಬರಲಿಲ್ಲ."
ಗುಂಡಿಯ ಕಣ್ಣನ್ನೂ ಕೈಯಲ್ಲೇ ಹೊಲಿಯುವ ಮನುಷ್ಯ!
ಸಾಹೇಬರು ಬೈದರು:
ಇನ್ನೊಂದು ದೇಶದ ನೆನಪು ತಿದ್ದಲಿಕ್ಕೆ ನಾವು ಯಾರು?
ಆ ವರ್ಷ ಅವರು ಸರಿಯಾಗಿ ಹೇಳಿದ್ದು ಅದೊಂದೇ ಮಾತು.
ಎರಡನೆಯ ಬಾವುಟಕ್ಕೆ ಕೋವಿ ಬಂತು,
ಯಾರದೋ ಪ್ಯಾಂಟಿನ ಕಪ್ಪು ತುಂಡು, ಬೆರಳುದ್ದ.

ಆ ದಿನ ಅರಬೈಲ ಘಟ್ಟದಲ್ಲಿ ಲಾರಿ ಮಗುಚಿತು,
ದುಭಾಷಿ ಅದರ ಆಚೆ.
ಅವರು ಒಂಬತ್ತು, ನಾವು ಹದಿನಾಲ್ಕು,
ನಡುವೆ ನಗು ಮಾತ್ರ. ನಗುವಾದರೂ ಎಷ್ಟು ಹೊತ್ತು ತಾಳೀತು?
ಜೀಪಿನ ಡ್ರೈವರ್ ಇನಾಸ ಸಿದ್ದಿಯ ಕೈ ಹಿಡಿದು
ಒಬ್ಬ ಹಿರಿಯರು ಏನೋ ಕೇಳಿದರು,
ಬಹಳ ವರ್ಷಕ್ಕೆ ಸಿಕ್ಕ ಊರವನನ್ನು ಕೇಳುವ ಹಾಗೆ.
ಇನಾಸ ತಲೆ ಕೆರೆದು ಕೊಂಕಣಿಯಲ್ಲಿ ಹೇಳಿದ:
ನನ್ನದು ಯಲ್ಲಾಪುರ.

ಪಟ್ಟಿಯಲ್ಲಿ ಅಲ್ಸಿಂದಾ ಎಂದಿದ್ದ ಹೆಂಗಸು
ಬಚ್ಚಲಿನ ಬೀಗ ತೋರಿಸಿ "ಶಾವಿ?" ಅಂದಳು.
ಚಾವಿ ಕೊಟ್ಟೆ.
"ಸಬಾಂವ್?" ಸಾಬೂನು ಕೊಟ್ಟೆ.
ಕೊಟ್ಟಾದ ಮೇಲೆ ಬೆಚ್ಚಿದೆ, ಯಾವ ಭಾಷೆ ಕೇಳಿದೆ ನಾನು?
ಹೊರಬಂದವಳು ಮೇಜು ತಟ್ಟಿದಳು: ಮೆಜಾ.
ಕಿಟಕಿ ತೋರಿಸಿದಳು: ಜನೆಲಾ.
"ಜನೇಲ್!" ಇನಾಸ ಕೂಗಿಬಿಟ್ಟ.
ಬಟಾಟೆ, ಕಾಜು, ಅನಾನಸು,
ತಿಂಡಿಯ ತಟ್ಟೆಯೆಲ್ಲ ಒಂದೊಂದಾಗಿ ಮಾತಾಡತೊಡಗಿತು.

ಈ ಶಬ್ದಗಳು ಯಾವ ಹಡಗಿನಲ್ಲಿ ಬಂದವೋ
ಅಲ್ಲಿದ್ದವರಿಗೆ ಗೊತ್ತಿತ್ತು.
ಅಂಥದೇ ಹಡಗು ಇನಾಸನ ಅಜ್ಜನ ಅಜ್ಜನ ಅಜ್ಜನನ್ನೂ ಇಳಿಸಿತ್ತು.
ಆಗ ಒಡಂಬಡಿಕೆ ಇರಲಿಲ್ಲ, ರಸೀದಿ ಇತ್ತು.
ಫ್ಯಾನಿನ ಗಾಳಿಗೆ
ಬೆರಳುದ್ದದ ಕೋವಿ ಅಲುಗುತ್ತಿತ್ತು.

ದುಭಾಷಿ ಬಂದ.
ಎಲ್ಲರೂ ಮತ್ತೆ ವಿದೇಶಿಯರಾದೆವು.
"ಶತಮಾನಗಳ ಬಾಂಧವ್ಯ" ಅಂದರು ಸಾಹೇಬರು.
ಸಹಿ, ಶಾಲು, ಗಂಧದ ಆನೆ, ಇಶಾಡಿನ ರಸದ ಬಾಟಲಿ.
ಡಮಾಮಿ ಮಾತ್ರ ಹನ್ನೆರಡು ನಿಮಿಷ ಮೀರಿತು,
ಗಡಿಯಾರ ನೋಡಬೇಕಾದವಳು ನಾನು, ನೋಡಲಿಲ್ಲ.

ಎಂಟು ತಿಂಗಳಾಯಿತು.
ಕುಮಟೆಯ ಕಾರ್ಖಾನೆಗೆ ಗೇರುಬೀಜ ಬರುತ್ತಿದೆ,
ಮೊದಲಿನ ದಲ್ಲಾಳಿ, ಮೊದಲಿನ ದರ,
ಸುಲಿಯುವವರ ಬೆರಳಿಗೆ ಮೊದಲಿನದೇ ಕಪ್ಪು.
ಮಾಳ್ಸೇಕರರ ಬಿಲ್ಲು, ಒಂಬೈನೂರ ಎಂಬತ್ತು ರೂಪಾಯಿ,
ಖಜಾನೆಯಿಂದ ಎರಡು ಸಲ ಮರಳಿದೆ:
ನಿಯೋಗ ಒಂದು, ಬಾವುಟ ಎರಡೇಕೆ? ಸಮಜಾಯಿಷಿ ನೀಡಿ.
ಬರೆಯಲು ಕೂತಿದ್ದೇನೆ. ಬರೆದಿಲ್ಲ.

ಕೊಡುವುದಕ್ಕೆ ಅವರಲ್ಲಿ ಪಗಾರ್ ಅನ್ನುತ್ತಾರಂತೆ, ಅಂದೆ.
"ನಮ್ಮಲ್ಲಿ ಬರಬೇಕಾದ್ದಕ್ಕೆ" ಅಂದರು,
ಬಾಯಲ್ಲಿ ಸೂಜಿ ಕಚ್ಚಿಕೊಂಡೇ.
ಮೊದಲ ಬಾವುಟ ಅವರ ಜನೇಲಕ್ಕೆ ಪರದೆ.
ಸಂಜೆ, ಕಡಲಿನ ಕಡೆಯಿಂದ ಬಿಸಿಲು ಹಾಯುವಾಗ
ಶಾಲೆಯ ಅಂಗಿಗೆ ಅಳತೆ ಕೊಡಲು
ಕೈ ಅಗಲಿಸಿ ನಿಂತ ಹುಡುಗಿಯ ಎದೆಯ ಮೇಲೆ
ಪುಸ್ತಕ ಬೀಳುತ್ತದೆ, ಗುದ್ದಲಿ ಬೀಳುತ್ತದೆ.
ಟೇಪು ಅವುಗಳ ಮೇಲೆ ಹಾದು ಹೋಗುತ್ತದೆ.
ಇಪ್ಪತ್ನಾಲ್ಕೂವರೆ, ಅನ್ನುತ್ತಾರೆ ಮಾಳ್ಸೇಕರರು.